ಕಾರಿಗೆ ಡುಬ್ಬ ಬಂದದ್ದು

ನನ್ನ ಕೈಯಲ್ಲೀಗ ಒಂದು ಮುಷ್ಟಿ ಕಂದು ಮಣ್ಣಿದೆ. ಮಣ್ಣು ಅಂದೆನೇ ಹೊರತು ಇದರ ವಾಸನೆ ಮಣ್ಣಿನದಲ್ಲ. ಮೂಗಿನ ಹತ್ತಿರ ಹಿಡಿದರೆ ಆಗಷ್ಟೇ ಕಡ್ಡಿ ಗೀರಿದ ಹಾಗೆ ಗಂಧಕದ ವಾಸನೆ, ಅದರ ಬೆನ್ನಿಗೇ ಮೇಣದ್ದು. ಇದಕ್ಕೆ ನೀರು ಹಾಕಿ ನಾದುವಂತಿಲ್ಲ. ಬಿಸಿಲಿಗಿಟ್ಟರೆ ತಾನೇ ಮೆತ್ತಗಾಗುತ್ತದೆ, ನೆರಳಿಗೆ ತಂದರೆ ಬೆಲ್ಲದ ಪೆಂಟಿಯ ಹಾಗೆ ಗಟ್ಟಿಯಾಗುತ್ತದೆ. ಮೊಮ್ಮಗಳು ನೀಲಾ ಹೋದ ವಾರ ಪುಣೆಯ ಬಸ್ಸು ಹತ್ತುವಾಗ ಇದನ್ನು ನನ್ನ ಕೈಗೆ ಹಾಕಿ, “ಆಯಿ, ಇದು ಒಣಗಂಗಿಲ್ಲ, ಬಿರುಕು ಬಿಡಂಗಿಲ್ಲ. ಎಷ್ಟು ಸಲ ಬೇಕಾದ್ರೂ ಕೆಡಿಸಿ ಮಾಡು” ಎಂದು ಹೇಳಿ ಹೋದಳು.

ಇವತ್ತು ನನಗೆ ಆಗಿರುವ ಸಂತೋಷ ಎಂಥದ್ದು ಎಂದರೆ, ಬೆಳಿಗ್ಗೆ ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿದ್ದೇನೆ. ಬಾಗಿಲಿಗೆ ಬಂದ ಕಾಯಿಪಲ್ಲೆಯವಳ ಬುಟ್ಟಿ ಇಳಿಸಿ, ಅರ್ಧ ತಾಸು ಕೂಡಿಸಿಕೊಂಡು ಕಥೆ ಹೇಳಿದ್ದೇನೆ. ಪಾಪ, ಅವಳ ಕೊತ್ತಂಬರಿ ಬಾಡಿತು. ಸಂತೋಷದ ಕಾರಣ ಮಾತ್ರ ನಿಮಗೆ ಈಗಲೇ ಹೇಳುವುದಿಲ್ಲ. ಮೊದಲೇ ಹೇಳಿಬಿಟ್ಟರೆ “ಚಲೋ ಆತು ಬಿಡ್ರಿ” ಎಂದು ಎದ್ದು ಹೋಗುತ್ತೀರಿ. ನಾನು ಕಲಿತದ್ದು ಮೂರನೆಯ ಇಯತ್ತೆ. ಬರೆಯುವುದು ನಿಧಾನ. ನೀವೂ ನನ್ನ ಸಂಗಡ ನಿಧಾನವಾಗಿಯೇ ಬನ್ನಿ.

ನೀಲಾ ನನ್ನ ಮಗನ ಮಗಳು. ಹುಬ್ಬಳ್ಳಿಯಲ್ಲಿ ಮೋಟಾರು ಗಾಡಿಗಳ ಡಿಪ್ಲೊಮಾ ಮುಗಿಸಿದವಳು. ಓರಿಗೆಯವರೆಲ್ಲ ಒಂದೊಂದು ಕೆಲಸ ಹಿಡಿದರೂ ಇವಳದು ಒಂದೇ ಹಟ. ಹೊಸ ಕಾರೊಂದು ಹುಟ್ಟುವುದಕ್ಕೆ ಮೊದಲು ಅದನ್ನು ಮಣ್ಣಿನಲ್ಲಿ ಮಾಡಿ ನೋಡುತ್ತಾರಂತೆ. ಅಂಥದೊಂದು ಕಾರ್ಖಾನೆ ಪುಣೆಯಲ್ಲಿದೆಯಂತೆ. ಅಲ್ಲಿ ಮಣ್ಣು ತಿದ್ದುವ ಕೆಲಸವೇ ಬೇಕು ಅವಳಿಗೆ. ಮೊದಲ ಸಲ ಕೇಳಿದಾಗ ನಾನು ನಂಬಲಿಲ್ಲ. ಮಳೆಗಾಲದಲ್ಲಿ ಗಾಲಿಗೆ ಮೆತ್ತಿಕೊಳ್ಳುವುದು ಬಿಟ್ಟರೆ ಮಣ್ಣಿಗೂ ಮೋಟಾರಿಗೂ ಏನು ಸಂಬಂಧ?

ಆ ಕಾರ್ಖಾನೆಯವರು ಒಂದು ಸಲ ಪರೀಕ್ಷೆ ಮಾಡಿ ಅವಳನ್ನು ಹಿಂದೆ ಕಳಿಸಿದ್ದರು. ಪರೀಕ್ಷೆ ಮಾಡಿದ ಹಿರಿಯರು ಬೈಯಲಿಲ್ಲವಂತೆ. ಗೆರೆಗಳೆಲ್ಲ ಸರಿಯಾಗಿವೆ, ಆದರೆ ಗಾಡಿ ನೆಲದ ಮೇಲೆ ನಿಂತ ಹಾಗಿಲ್ಲ, ಯಾರೋ ತಂದು ಇಟ್ಟ ಹಾಗಿದೆ ಎಂದರಂತೆ. ಒಂದು ತಿಂಗಳು ಬಿಟ್ಟು ಮತ್ತೆ ಬಾ; ಹಳೆಯ ಕಾಲದ, ಸಂಸಾರಸ್ಥರ ಒಂದು ಕಾರು ಆರಿಸಿಕೋ; ಅದಕ್ಕೆ ಆ ರೂಪ ಹೇಗೆ ಬಂತೆಂದು ತಿಳಿದುಕೋ; ನಮ್ಮೆದುರು ಮೂರು ದಿನದಲ್ಲಿ ಮೊಳದುದ್ದ ಮಾಡಿ ತೋರಿಸು ಎಂದರಂತೆ. ಹುಡುಗಿ ಎರಡು ಡಬ್ಬಿ ಮಣ್ಣು ಹೊತ್ತುಕೊಂಡು ಹಾನಗಲ್ಲಿಗೆ ಬಂದಳು. ಬಂದವಳೇ ಊಟಕ್ಕೂ ಕೂಡದೆ ಹೇಳಿದ್ದು ಒಂದೇ ಮಾತು. “ಈ ಸಲಾನೂ ಆಗಲಿಲ್ಲಂದ್ರ ಹುಬ್ಬಳ್ಳ್ಯಾಗ ಕಾರ್ ಮಾರೋ ಅಂಗಡ್ಯಾಗ ಬಂದವ್ರಿಗೆಲ್ಲ ಹಲ್ಲು ಕಿಸಕೋತ ನಿಂದ್ರತೇನಿ ಆಯಿ. ಮತ್ತೊಂದು ಸಲ ಕೇಳಂಗಿಲ್ಲ.”

ಅವಳು ಆರಿಸಿಕೊಂಡ ಕಾರು ಅವಳ ಅಜ್ಜ ಓಡಿಸಿದ್ದು. ಅಂದರೆ ನಮ್ಮ ಯಜಮಾನರು.

ನಲವತ್ತು ವರ್ಷದ ಮೇಲಾಯಿತು. ಇಂಗ್ಲೆಂಡಿನಲ್ಲಿ ಕೆಲಸ ಮಾಡಿ ಊರಿಗೆ ಮರಳಿದ ಡಾಕ್ಟರ್ ಸಾಹೇಬರೊಬ್ಬರು ಹಡಗಿನಲ್ಲಿ ಒಂದು ಗಾಡಿ ತಂದಿದ್ದರು. ಸಾಸಿವೆ ಅರೆದು ಬಳಿದಂಥ ಬಣ್ಣ. ಸಾಹೇಬರಿಗೆ ವೈದ್ಯಕೀಯ ಬರುತ್ತಿತ್ತು, ನಮ್ಮ ರಸ್ತೆ ಬರುತ್ತಿರಲಿಲ್ಲ. ಹಾಗಾಗಿ ಟ್ರ್ಯಾಕ್ಟರ್ ನಡೆಸುತ್ತಿದ್ದ ಯಜಮಾನರನ್ನು ಕರೆದು ಕೀಲಿಕೈ ಕೊಟ್ಟರು. ಒಂದು ದಿನ ಶಿಗ್ಗಾಂವಿ, ಒಂದು ದಿನ ಸವಣೂರು, ಒಂದು ದಿನ ಚಿಕ್ಕೇರೂರಿನ ಮೇಲೆ ಹಾಯ್ದು ಹಿರೇಕೆರೂರು. ಎಲ್ಲಿ ನಿಂತರೂ ಜನ ಸಾಹೇಬರಿಗಿಂತ ಮೊದಲು ಗಾಡಿಯ ಕಿಟಕಿಯೊಳಗೆ ಇಣುಕುತ್ತಿದ್ದರು. ಯಾಕೆಂದರೆ ಅದರ ಸ್ಟೇರಿಂಗು ದುಂಡಗಿರಲಿಲ್ಲ. ಮೂಲೆ ಸವೆದ ಅಡುಗೆಮನೆಯ ಮಣೆಯ ಹಾಗೆ ಚೌಕವಾಗಿತ್ತು. ಹುಲಗೂರಿನ ಹಿರಿಯರೊಬ್ಬರು ಸ್ಟೇರಿಂಗು ನೋಡಿ, ಆಮೇಲೆ ಬಗ್ಗಿ ಗಾಲಿ ನೋಡಿ, “ಸದ್ಯ, ಇವಾದ್ರೂ ದುಂಡಗ ಅದಾವಲ್ಲ” ಎಂದು ಹೇಳಿ ಹೋದರಂತೆ. ಯಜಮಾನರು ಇದನ್ನು ಎಷ್ಟು ಸಲ ಹೇಳಿದ್ದಾರೆಂದರೆ, ಆ ಹಿರಿಯರನ್ನು ನಾನೇ ನೋಡಿದ್ದೇನೆ ಅನ್ನಿಸುತ್ತದೆ.

ನಾನು ಆ ಗಾಡಿಯಲ್ಲಿ ಕೂತದ್ದು ಒಂದೇ ಸಲ, ಅದೂ ಊರ ಅಗಸಿ ಬಾಗಿಲ ತನಕ. ಆದರೆ ಅದರ ಮೈ ನನಗೆ ಗೊತ್ತಿದ್ದಷ್ಟು ಅದನ್ನು ಮಾಡಿದವರಿಗೂ ಗೊತ್ತಿರಲಿಕ್ಕಿಲ್ಲ. ದಿನಾ ಬೆಳಿಗ್ಗೆ ಸಾಹೇಬರ ಅಂಗಳದಲ್ಲಿ ಅದನ್ನು ತೊಳೆಯುತ್ತಿದ್ದವಳು ನಾನು. ಯಜಮಾನರು ನೀರು ಸೇದಿ ಕೊಡುವರು, ನಾನು ಅರಿವೆ ಅದ್ದಿ ಒರೆಸುತ್ತಿದ್ದೆ. ತವರಿನಲ್ಲಿ ಎತ್ತು ತೊಳೆದ ಕೈ ನನ್ನದು. ಮುಖದಿಂದ ಹಿಡಿದು ಬಾಲದ ತನಕ, ರೋಮ ಮಲಗಿದ ದಿಕ್ಕಿಗೇ ಕೈ ಎಳೆಯುತ್ತಿದ್ದೆ. ಗಾಡಿಗೆ ಎಲ್ಲಿಯ ರೋಮ ಎಂದು ಯಜಮಾನರು ಚುಡಾಯಿಸುತ್ತಿದ್ದರು.

ಈಗ ಮಣ್ಣೆತ್ತಿನ ಅಮಾವಾಸ್ಯೆಗೆ ಬರುತ್ತೇನೆ. ಮುಂಗಾರಿನ ಆ ಅಮಾವಾಸ್ಯೆಗೆ ನಮ್ಮ ಕಡೆ ಮನೆಮನೆಯಲ್ಲೂ ಕೆರೆಯ ಮಣ್ಣು ತಂದು ಜೋಡಿ ಎತ್ತು ಮಾಡಿ, ಮುಂದೆ ಮೇವು ಹಾಕುವ ಒಂದು ಗ್ವಾದಲಿ ಮಾಡಿ, ದೇವರ ಜಗಲಿಯ ಮೇಲಿಟ್ಟು ಪೂಜೆ ಮಾಡುತ್ತೇವೆ. ಮರುದಿನ ಕೆರೆಗೆ ಬಿಡುತ್ತೇವೆ. ಹೊಲ ಇದ್ದವರೂ ಮಾಡುತ್ತಾರೆ, ಇಲ್ಲದವರೂ ಮಾಡುತ್ತಾರೆ. ನಮಗೆ ಹೊಲವೂ ಇರಲಿಲ್ಲ, ಎತ್ತೂ ಇರಲಿಲ್ಲ. ಆ ವರ್ಷ ನಾನು ಮಣ್ಣು ನಾದುತ್ತ ಕೂತಾಗ ಯಜಮಾನರು ಬಾಗಿಲಲ್ಲಿ ನಿಂತು ಹೇಳಿದರು. “ಈ ಮನಿಗೆ ಅನ್ನ ಹಾಕೋ ಎತ್ತು ಸಾಹೇಬರ ಅಂಗಳದಾಗ ನಿಂತೈತಿ. ಅದಕ್ಕೂ ಒಂದು ತುತ್ತು ಮಣ್ಣು ತಗಿ.”

ಚೇಷ್ಟೆಯೋ ಖರೆಯೋ ಕೇಳಲಿಲ್ಲ. ಮದುವೆಯಾಗಿ ಒಂದು ವರ್ಷವಾಗಿತ್ತಷ್ಟೇ, ಗಂಡ ಹೇಳಿದ್ದೆಲ್ಲ ಖರೆ ಅನ್ನಿಸುವ ಕಾಲ. ಎತ್ತಿನ ಜೋಡಿ ಮುಗಿಸಿ ಉಳಿದ ಮಣ್ಣಿನಲ್ಲಿ ಕಾರು ಮಾಡಿದೆ. ಗುಲಗಂಜಿಯ ದೀಪ ಇಟ್ಟೆ. ಕಡ್ಡಿಯಿಂದ ಕಿಟಕಿ ಕೊರೆದೆ. ಕೈ ತೊಳೆದು ಬಂದು ನೋಡುತ್ತೇನೆ, ಕಾರಿನ ಮುಂಭಾಗದ ಮೇಲೆ, ಗಾಜಿಗಿಂತ ಸ್ವಲ್ಪ ಈಚೆಗೆ ಒಂದು ಡುಬ್ಬ. ಎತ್ತಿನ ಹೆಗಲ ಮೇಲಿರುತ್ತದಲ್ಲ, ಅದೇ. ಹುಟ್ಟಿದಾಗಿನಿಂದ ಎತ್ತು ಮಾಡಿದ ಕೈ. ನಾನು ಕಾರಿನ ಬಗ್ಗೆ ವಿಚಾರ ಮಾಡುತ್ತಿರುವಾಗ ಹೆಬ್ಬೆರಳು ತನ್ನಷ್ಟಕ್ಕೆ ತಾನು ಹಿಂಡಿ ಎಬ್ಬಿಸಿಬಿಟ್ಟಿತ್ತು. ಒತ್ತಿ ಚಪ್ಪಟೆ ಮಾಡಬೇಕೆಂದು ಕೈ ಚಾಚುವಷ್ಟರಲ್ಲಿ ಅತ್ತೆ ಬಂದರು.

ನಮ್ಮ ಅತ್ತೆ ಎಂದರೆ ಒಲೆಯ ಮೇಲಿನ ಹಾಲು ಕೂಡ ಅವರನ್ನು ನೋಡಿ ಉಕ್ಕುವುದಿಲ್ಲ ಎಂದು ಓಣಿಯಲ್ಲಿ ಹೆಸರು. ಜಗಲಿಯ ಮೇಲೆ ಮೋಟಾರು ಇಡುವ ಸೊಸೆಗೆ ಏನು ಗತಿ? ನಾನು ಸೆರಗು ಕಚ್ಚಿಕೊಂಡು ನಿಂತೆ. ಅವರು ಬಗ್ಗಿ ನೋಡಿದರು, ಒಂದು ಸುತ್ತು ಹಾಕಿ ನೋಡಿದರು. ಆ ಡುಬ್ಬದ ಮೇಲೆ ಬೆರಳಿಟ್ಟರು.

“ಡುಬ್ಬ ಐತಲ್ಲ,” ಅಂದರು. “ಎತ್ತಽ ಇದು. ಇಡು ಜಗಲಿ ಮ್ಯಾಲೆ.”

ಹೀಗೆ ನಮ್ಮ ಮನೆಯಲ್ಲಿ ಪ್ರತಿ ವರ್ಷ ಆ ಅಮಾವಾಸ್ಯೆಗೆ ಜೋಡಿ ಎತ್ತಿನ ಮಗ್ಗುಲಿಗೆ ಒಂದು ಕಾರು ಕೂಡತೊಡಗಿತು. ಡುಬ್ಬ ಇಲ್ಲದಿದ್ದರೆ ಅತ್ತೆ ಒಪ್ಪುತ್ತಿರಲಿಲ್ಲ. ಡುಬ್ಬ ಇದ್ದರೆ ಯಜಮಾನರು ಒಪ್ಪುತ್ತಿರಲಿಲ್ಲ. ಪೂಜೆಗೆ ಕೈ ಮುಗಿಯುವಾಗಲೂ ಅವರದು ಅದೇ ತಕರಾರು. “ದಿನಾ ಓಡಸವ ನಾನು. ನನ್ನ ಗಾಡಿಗೆ ಎಲ್ಲೈತಿ ಡುಬ್ಬ?” ಅತ್ತೆ ತೀರಿಕೊಂಡ ಮೇಲೂ ನಾನು ಬಿಡಲಿಲ್ಲ. ಸಾಹೇಬರು ಊರು ಬಿಟ್ಟು, ಯಜಮಾನರು ಶಾಲೆಯ ಮಕ್ಕಳ ಟೆಂಪೊ ನಡೆಸಿ, ಅದನ್ನೂ ಬಿಟ್ಟು ಮನೆಯಲ್ಲಿ ಕೂತ ಮೇಲೂ ಬಿಡಲಿಲ್ಲ. ಅವರೂ ತಕರಾರು ಬಿಡಲಿಲ್ಲ. ಸಂಸಾರ ಎಂದ ಮೇಲೆ ಒಂದಾದರೂ ಹಳೆಯ ಜಗಳ ಇರಬೇಕು. ಇಲ್ಲದಿದ್ದರೆ ಸಂಜೆ ಕಟ್ಟೆಯ ಮೇಲೆ ಕೂತು ಮಾತಾಡುವುದಾದರೂ ಏನನ್ನು?

ಅದೇ ಕಟ್ಟೆಯ ಮೇಲೆ ಕೂತು ನೀಲಾ ನಮಗೆ ಆ ಗಾಡಿಯ ಜನ್ಮವೃತ್ತಾಂತ ಹೇಳಿದಳು. ಅದರ ಹೆಸರು ಅಲೆಗ್ರೊ ಅಂತೆ. ಆ ಕಡೆಯ ಸಂಗೀತಗಾರರ ಮಾತು, ಚುರುಕಾಗಿ ಎಂದು ಅರ್ಥವಂತೆ. ಇಷ್ಟು ವರ್ಷ ನಾವು ಅದನ್ನು ಸಾಹೇಬರ ಗಾಡಿ ಎಂದೇ ಕರೆದಿದ್ದೆವು. ಅಲ್ಲಿ ಅದನ್ನು ಕಾಗದದ ಮೇಲೆ ಮೊದಲು ಬರೆದ ಚಿತ್ರಗಾರ ತೆಳ್ಳಗೆ, ಉದ್ದಕ್ಕೆ, ನೆಲಕ್ಕೆ ಹತ್ತಿದ ಹಾಗೆ ಬರೆದಿದ್ದನಂತೆ. ನೀಲಾ ಫೋನಿನಲ್ಲಿ ಆ ಚಿತ್ರ ತೋರಿಸಿದಳು. ಓಡುವ ಮೊಲದ ಹಾಗಿತ್ತು.

“ಇದಲ್ಲ ನನ್ನ ಗಾಡಿ,” ಎಂದರು ಯಜಮಾನರು.

ಅದೇ ಹೌದಂತೆ. ಚಿತ್ರ ಬರೆದಾದ ಮೇಲೆ ಕಾರ್ಖಾನೆಯವರು ಅವನಿಗೆ ಒಂದೊಂದೇ ಸಾಮಾನು ತಂದು ಕೊಟ್ಟರಂತೆ. ಇದು ನಮ್ಮಲ್ಲಿ ಈಗಾಗಲೇ ಇರುವ ಎಂಜಿನ್ನು, ಸ್ವಲ್ಪ ಎತ್ತರ, ಇದನ್ನೂ ಒಳಗೆ ಕೂಡಿಸು. ಇದು ಚಳಿಗೆ ಬೆಚ್ಚಗೆ ಗಾಳಿ ಬಿಡುವ ಪೆಟ್ಟಿಗೆ, ದೊಡ್ಡದು, ಇದೂ ಇರಲಿ. ಪಾಪ, ಹೊಸದಾಗಿ ಬಂದ ಸೊಸೆಯ ಹಾಗೆ ಅವನ ಪಾಡು. ಅಡುಗೆ ಅವಳದೇ, ಪಾತ್ರೆ ಮಾತ್ರ ಮನೆಯಲ್ಲಿ ಇದ್ದವೇ ಆಗಬೇಕು. ಹೀಗೆ ಒಳಗೆ ತುಂಬುತ್ತ ತುಂಬುತ್ತ ಆ ಮೊಲದ ಮೂಗು ಮೇಲೆದ್ದಿತು, ಹೊಟ್ಟೆ ದುಂಡಗಾಯಿತು. ಚಿತ್ರವಿದ್ದದ್ದು ಒಂದು, ಬೀದಿಗೆ ಬಂದದ್ದು ಇನ್ನೊಂದು. ಅಲ್ಲಿಯ ಜನ ನಕ್ಕರಂತೆ. ಚೌಕದ ಸ್ಟೇರಿಂಗಿಗಂತೂ ಬಹಳ ನಕ್ಕರಂತೆ. ವೇಗ ತೋರಿಸುವ ಮುಳ್ಳುಗಳು ಚೆನ್ನಾಗಿ ಕಾಣಲಿ, ಮೊಣಕಾಲಿಗೆ ಜಾಗ ಸಿಗಲಿ ಎಂದು ಮಾಡಿದ್ದನ್ನು ಕೆಲವು ವರ್ಷದಲ್ಲೇ ತೆಗೆದು ದುಂಡಗಿನದು ಹಾಕಿದರಂತೆ. ಯಜಮಾನರಿಗೆ ಇದು ಮಾತ್ರ ಸಹನವಾಗಲಿಲ್ಲ. ನಮ್ಮ ಹಾನಗಲ್ಲಿನಲ್ಲಿ ಒಬ್ಬ ಮನುಷ್ಯ ಒಂದು ದಿನವೂ ತಕರಾರು ಮಾಡದೆ ಅದನ್ನು ತಿರುಗಿಸಿದ, ಅವರು ನಮ್ಮನ್ನೊಂದು ಮಾತು ಕೇಳಬೇಕಿತ್ತು ಎಂದರು.

ನಾನು ಕೇಳಿದ್ದು ಮಣ್ಣಿನ ವಿಷಯ. ಅದನ್ನೂ ಮಣ್ಣಿನಲ್ಲಿ ಮಾಡಿದ್ದರೇ? ಹೌದಂತೆ. ಮೊದಲು ಸಣ್ಣದು, ಆಮೇಲೆ ಗಾಡಿಯಷ್ಟೇ ಗಾಡಿ. ಕಟ್ಟಿಗೆಯ ಚೌಕಟ್ಟು ನಿಲ್ಲಿಸಿ, ಬಿಸಿ ಮಾಡಿದ ಮಣ್ಣು ಮೆತ್ತಿ, ಹಲಗೆಯಿಂದ ಕೆರೆದು ಕೆರೆದು ನುಣುಪು ಮಾಡಿ, ಮೇಲೆ ಬಣ್ಣದ ತೆಳುಹಾಳೆ ಅಂಟಿಸಿ ದೂರ ನಿಂತು ನೋಡುತ್ತಿದ್ದರಂತೆ. ಆ ದೂರ ನಿಂತು ನೋಡುವ ಮಾತು ಕೇಳಿ ನನಗೆ ಏನಾಯಿತೆಂದು ಹೇಗೆ ಹೇಳಲಿ? ಎತ್ತು ಮಾಡಿ ಸುಣ್ಣ ಬಳಿದ ಮೇಲೆ ನಾನೂ ಹೊಸ್ತಿಲ ತನಕ ಹಿಂದೆ ಸರಿದು ನೋಡುತ್ತೇನೆ. ಏಳು ಸಮುದ್ರದ ಆಚೆ ಯಾರೋ ನನ್ನ ಹಾಗೆಯೇ ಕೈ ಒರೆಸಿಕೊಳ್ಳುತ್ತ ಹಿಂದೆ ಸರಿದಿದ್ದರು. ನಾನು ದಿನಾ ಒರೆಸಿದ ಗಾಡಿ ಮೊದಲು ಅವರ ಅಂಗೈಯಲ್ಲಿ ಹುಟ್ಟಿತ್ತು.

ಅಷ್ಟರಲ್ಲಿ ನೀಲಾ ಆ ಮೊದಲ ಚಿತ್ರದ ಪಕ್ಕ ಖರೆ ಗಾಡಿಯ ಚಿತ್ರ ಇಟ್ಟು, ಬೆರಳಿನಿಂದ ಗೆರೆ ತೋರಿಸಿದಳು. ಇಲ್ಲಿ ಚಪ್ಪಟೆ ಇತ್ತು. ಇಲ್ಲಿ ಎಂಜಿನ್ನು, ಪೆಟ್ಟಿಗೆ ಬಂದ ಮೇಲೆ ಎದ್ದಿತು. ಅವಳ ಬೆರಳು ನಿಂತದ್ದು ಗಾಜಿಗಿಂತ ಸ್ವಲ್ಪ ಈಚೆಗೆ.

ಯಜಮಾನರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಫೋನನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು, ಓರೆ ಮಾಡಿ ನೋಡಿದರು. ಎದುರು ಮನೆಯ ಆಕಳು ಬಂದು ನಮ್ಮ ತುಳಸಿಗೆ ಬಾಯಿ ಹಾಕಿದರೂ ಅವರಿಗೆ ಎಚ್ಚರವಿಲ್ಲ.

“ಐತಿ ಬಿಡು,” ಅಂದರು ಕೊನೆಗೆ.

ನಲವತ್ತು ವರ್ಷದ ಜಗಳ ಎರಡು ಮಾತಿಗೆ ಮುಗಿಯಿತು. ಗೆದ್ದೆ ಎಂದು ಖುಷಿಯಾಗಬೇಕಿತ್ತು. ನನಗೆ ಬದಲಿಗೆ ಅತ್ತೆಯ ಬೆರಳು ನೆನಪಾಯಿತು.

ಹೀಗೆ ಕಥೆಯೇನೋ ಚೆಂದ ಸಿಕ್ಕಿತು. ಆದರೆ ನೀಲಾಳ ಕೈಗೆ ಗಾಡಿ ಬರುತ್ತಿರಲಿಲ್ಲ. ದಿನಾ ಮಾಡುವಳು, ಸಂಜೆ ಕೆಡಿಸುವಳು. ನನ್ನ ಕಣ್ಣಿಗೆ ಚಿತ್ರದಲ್ಲಿದ್ದ ಹಾಗೇ ಕಾಣುತ್ತಿತ್ತು. ಆದರೂ ಪುಣೆಯ ಹಿರಿಯರು ಹೇಳಿದ್ದು ಸುಳ್ಳಾಗಿರಲಿಲ್ಲ, ಮಣೆಯ ಮೇಲೆ ಯಾರೋ ಇಟ್ಟು ಮರೆತ ಹಾಗಿತ್ತು. ಪರೀಕ್ಷೆಗೆ ಎಂಟು ದಿನ ಉಳಿದಾಗ ಮಣ್ಣೆತ್ತಿನ ಅಮಾವಾಸ್ಯೆ ಬಂತು. ನಾನು ಕೆರೆಯ ಮಣ್ಣು ನಾದಿಕೊಂಡು ಪಡಸಾಲೆಯಲ್ಲಿ ಕೂತೆ, ಅವಳು ತನ್ನ ಗಂಧಕದ ಮಣ್ಣು ಹಿಡಿದು ಎದುರಿಗೆ ಕೂತಳು. ಆಗ ಕಂಡಿತು ನನಗೆ. ಅವಳು ಮೊದಲು ಸಾಬೂನಿನ ಹಾಗೆ ಒಂದು ಇಟ್ಟಿಗೆ ಮಾಡಿ, ಗಾಲಿಯ ಮೇಲಿನ ಉಬ್ಬುಗಳನ್ನು ಬೇರೆ ಮಣ್ಣಿನಿಂದ ಮಾಡಿ ಹಚ್ಚುತ್ತಿದ್ದಳು.

“ಕಾಲು ಹಚ್ಚಬಾರದು,” ಅಂದೆ. “ಹೊಟ್ಟ್ಯಾಗಿಂದ ಎಳೀಬೇಕು. ಹಚ್ಚಿದ ಕಾಲು ಒಣಗಿದ ಮ್ಯಾಲೆ ಬಿರೀತೈತಿ.”

“ಆಯಿ, ಈ ಮಣ್ಣು ಬಿರಿಯಂಗಿಲ್ಲ ಅಂತ ಹೇಳೇನಲ್ಲ.”

“ಮಣ್ಣು ಬಿರಿಯಂಗಿಲ್ಲ ಖರೆ. ನೋಡವ್ರಿಗೆ ಹಚ್ಚಿದ್ದು ಗೊತ್ತಾಕ್ಕೈತಿ.”

ನಾನು ಎತ್ತು ಮಾಡುವುದನ್ನು ತೋರಿಸಿದೆ. ಒಂದೇ ಮುದ್ದೆ. ಅದರಿಂದ ನಾಲ್ಕು ಕಾಲು ಎಳೆಯಬೇಕು. ಎಳೆದ ಮೇಲೆ ಹಿಂದಿನ ಚಪ್ಪೆಯನ್ನು ಅಂಗೈಯಿಂದ ಒಂದು ಸಲ ನೆಲದ ಕಡೆ ಒತ್ತಬೇಕು. ಎತ್ತು ನಿಲ್ಲುವುದು ಹಿಂಗಾಲಿನ ಭಾರದ ಮೇಲೆ. ಆಮೇಲೆ ಅವಳ ಚಿತ್ರಗಳನ್ನೆಲ್ಲ ಮಗ್ಗುಲಿಗೆ ಸರಿಸಿದೆ. ಅವಳಿಗೆ ಸಿಟ್ಟು ಬಂತು. “ನಾ ಆ ಗಾಡಿ ಮುಟ್ಟೇ ಇಲ್ಲ ಆಯಿ. ಚಿತ್ರ ನೋಡದ ಹ್ಯಾಂಗ ಮಾಡ್ಲಿ?” ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ನಾನು ಅವಳ ಕೈ ಹಿಡಿದೆ. ಹಿಡಿದು, ಆ ಮಣ್ಣಿನ ಮೇಲೆ ನನ್ನ ಅಂಗೈ ಕೆಳಗೆ ಅವಳ ಅಂಗೈ ಇಟ್ಟು, ದಿನಾ ಬೆಳಿಗ್ಗೆ ಸಾಹೇಬರ ಅಂಗಳದಲ್ಲಿ ಎಳೆಯುತ್ತಿದ್ದ ಹಾಗೆ ಮುಖದಿಂದ ಹಿಂದಕ್ಕೆ ಎಳೆದೆ.

“ಕಣ್ಣು ಮುಚ್ಚು,” ಅಂದೆ. “ಮೈ ತೊಳಿ ಇದರದು.”

ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಅವರೂ ಸೇರಿಕೊಂಡರು. ಆ ಗಾಡಿಗೆ ಉಳಿದ ಗಾಡಿಗಳ ಹಾಗೆ ಕಬ್ಬಿಣದ ಕಮಾನು ಸ್ಪ್ರಿಂಗು ಇರಲಿಲ್ಲ. ನೀರು ಗಾಳಿ ತುಂಬಿದ ಗುಂಡುಗಳ ಮೇಲೆ ಕೂತಿತ್ತು. ಮುಂದಿನ ಗಾಲಿ ಉಬ್ಬು ಏರಿದರೆ ಕೊಳವೆಯೊಳಗಿಂದ ಹಿಂದಿನ ಗಾಲಿಗೆ ಸುದ್ದಿ ಮುಟ್ಟಿ ಗಾಡಿಯ ಹಿಂಭಾಗವೂ ಏಳುತ್ತಿತ್ತು ಎಂದು ಹೇಳಿದರು. ಒಂದೇ ನೊಗದ ಎತ್ತುಗಳಿಗೆ ಒಂದರ ಹೆಜ್ಜೆ ಇನ್ನೊಂದಕ್ಕೆ ಗೊತ್ತಾಗುವುದಿಲ್ಲವೇ, ಹಾಗೆ. ವಯಸ್ಸಾದ ಮೇಲೆ ಗುಂಡು ಸೋರಿ ಗಾಡಿ ಒಂದು ಮಗ್ಗುಲಿಗೆ ಕೂತುಬಿಟ್ಟಿತಂತೆ. ಸವಣೂರಿನ ಕಮ್ಮಾರ ಜೀಪಿನ ಕಮಾನುಪಟ್ಟಿ ಹಾಕಿ ಎಬ್ಬಿಸಿದನಂತೆ. ಅಂದಿನಿಂದ ಅದು ಒಂದು ಗೇಣು ಎತ್ತರ. ಇಂಗ್ಲೆಂಡಿನವರು ಮುಗಿಸಿದ್ದನ್ನು ಸವಣೂರಿನವರು ಮುಂದುವರಿಸಿದರು ಎಂದು ನಕ್ಕರು. ನೀಲಾ ನಗಲಿಲ್ಲ. ಕಣ್ಣು ಮುಚ್ಚಿಕೊಂಡೇ ಇದ್ದಳು. ಕೈ ಮಾತ್ರ ಹೋಗುತ್ತಿತ್ತು, ಬರುತ್ತಿತ್ತು. ಹಬ್ಬದ ಹೋಳಿಗೆ ಆರಿದವು, ಯಾರೂ ಊಟಕ್ಕೆ ಏಳಲಿಲ್ಲ.

ಆ ದಿನ ಜಗಲಿಯ ಮೇಲೆ ಎತ್ತಿನ ಪಕ್ಕ ಎರಡು ಕಾರು ಇದ್ದವು. ಮರುದಿನ ನನ್ನದು ಕೆರೆಗೆ ಹೋಯಿತು. ಅವಳದು ನೀರಿಗೆ ಕರಗುವುದಿಲ್ಲವೆಂದು, ಕೈ ಮುಗಿದು ಮುದ್ದೆ ಮಾಡಿ ಡಬ್ಬಿಗೆ ಹಾಕಿಕೊಂಡಳು. ಅದರಲ್ಲಿ ಒಂದು ಮುಷ್ಟಿ ನನಗೆ ಬಂತು.

ನಿನ್ನೆ ಸಂಜೆ ಫೋನು ಬಂತು. ಮೂರು ದಿನ ಅವರೆದುರು ಮಾಡಿದಳಂತೆ. ಆ ಹಿರಿಯರು ಬಂದು ಮೊದಲು ದೂರ ನಿಂತು ನೋಡಿದರಂತೆ. ಆಮೇಲೆ ಹತ್ತಿರ ಬಂದು, ಕಣ್ಣು ಮುಚ್ಚಿ, ಅಂಗೈಯನ್ನು ಗಾಡಿಯ ಮುಖದಿಂದ ಹಿಂದಕ್ಕೆ ಎಳೆದರಂತೆ. ಗಾಜಿಗಿಂತ ಈಚೆಗೆ ಅವರ ಕೈ ಒಂದು ಕ್ಷಣ ನಿಂತಿತಂತೆ. ಇದನ್ನು ಯಾರು ಕಲಿಸಿದರು ಎಂದು ಕೇಳಿದರಂತೆ.

“ನೀ ಏನಂದಿ?” ಎಂದು ನಾನು ಕೇಳಿದೆ.

“ನಮ್ಮ ಆಯಿ ಎತ್ತು ಮಾಡ್ತಾಳ್ರಿ ಅಂದೆ,” ಎಂದಳು. ಸೋಮವಾರದಿಂದ ಕೆಲಸಕ್ಕೆ ಬಾ ಎಂದಿದ್ದಾರೆ ಎಂಬುದನ್ನು ಅವಳ ಗೆಳತಿ ಫೋನು ತೆಗೆದುಕೊಂಡು ಹೇಳಬೇಕಾಯಿತು.

ನೋಡಿ, ಹೇಳಿಬಿಟ್ಟೆ. ಇನ್ನು ನೀವು ಏಳಬಹುದು. ಆದರೆ ಒಂದು ಗಳಿಗೆ ತಡೆಯಿರಿ. ಇಷ್ಟು ಬರೆಯುವಷ್ಟರಲ್ಲಿ ನನ್ನ ಎಡಗೈ ಸುಮ್ಮನಿರಲಿಲ್ಲ. ಅಂಗೈಯ ಕಾವಿಗೆ ಈ ಮುಷ್ಟಿ ಮಣ್ಣು ಆಗಲೇ ಒಂದು ಗಾಡಿಯಾಗಿದೆ. ಕಾಲು ಹೊಟ್ಟೆಯಿಂದಲೇ ಎಳೆದದ್ದು. ಒಯ್ದು ಕಟ್ಟೆಯ ಮೇಲೆ ಕೂತ ಯಜಮಾನರ ಮುಂದಿಟ್ಟೆ. ಅವರು ಕೈಗೆ ತೆಗೆದುಕೊಂಡು ಮೂಸಿದರು. ಓರೆ ಹಿಡಿದು ಬಹಳ ಹೊತ್ತು ನೋಡಿದರು. ಹೆಬ್ಬೆರಳು ತಂದು ಗಾಜಿಗಿಂತ ಸ್ವಲ್ಪ ಈಚೆಗೆ ಇಟ್ಟರು.

“ಡುಬ್ಬ ಸಣ್ಣದಾತು,” ಅಂದರು.

ಗಾಡಿಯನ್ನು ಬಿಸಿಲಿಗಿಟ್ಟು ಬಂದಿದ್ದೇನೆ. ಮೆತ್ತಗಾಗಲಿ.